ಏಡ್ಸ್‌ನ ಮೊದಲ ಅಧ್ಯಾಯವನ್ನು ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕದ ವೈದ್ಯಕೀಯ, ನರ್ಸಿಂಗ್ ಹಾಗೂ ಲ್ಯಾಬ್ ಟೆಕ್ನಾಲಜಿ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರ ಮತ್ತು ಸಮುದಾಯ ವೈದ್ಯಶಾಸ್ತ್ರ ಕಲಿಸುವ ಅಧ್ಯಾಪಕರಿಗೆ, ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಸಮಿತಿಗಳಿಗೆ

ವಿಷಯ: 1981ರಿಂದ 1987ರವರೆಗಿನ ಏಡ್ಸ್ ಸಂಶೋಧನೆಯನ್ನು ಪಾಠದಲ್ಲಿ ಪೂರ್ತಿಯಾಗಿ ಹೇಳುವಂತೆ ಕೋರಿಕೆ

ಮಾನ್ಯರೇ,

ಎಚ್‌ಐವಿ ಪಾಠ ನಮ್ಮ ತರಗತಿಗಳಲ್ಲಿ ಬಹುತೇಕ ಒಂದೇ ಸಾಲಿನಿಂದ ಶುರುವಾಗುತ್ತದೆ: 1981ರಲ್ಲಿ ಅಮೆರಿಕದ ಸಲಿಂಗಿ ಪುರುಷರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಸಾಲು ಸರಿಯಾಗಿಯೇ ಇದೆ. ಆದರೆ ಮರುಗಳಿಗೆಗೆ ಪರದೆಯ ಮೇಲೆ ವೈರಸ್ಸಿನ ಚಿತ್ರ ಬಂದುಬಿಡುತ್ತದೆ. ಜಿಪಿ 120, ಜಿಪಿ 41, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂದು ಪರೀಕ್ಷೆಗೆ ಬೇಕಾದ ಹೆಸರುಗಳು ಸಾಲುಗಟ್ಟುತ್ತವೆ. ನಡುವಿನ ಐದಾರು ವರ್ಷಗಳ ಕೆಲಸ ಕಣ್ಮರೆ. ಕಾಯಿಲೆ ಯಾರಲ್ಲಿ ಕಂಡಿತು ಎಂಬುದಷ್ಟೇ ವಿದ್ಯಾರ್ಥಿಯ ತಲೆಯಲ್ಲಿ ಕೂರುತ್ತದೆ. ಅದು ಹೇಗೆ ದಾಟಿತು, ಅದನ್ನು ಯಾರು ಯಾವ ಲೆಕ್ಕದಿಂದ ಕಂಡುಹಿಡಿದರು ಎಂಬುದು ಕೂರುವುದಿಲ್ಲ. ಅದೇ ವಿದ್ಯಾರ್ಥಿ ನಾಳೆ ಹೌಸ್ ಸರ್ಜನ್ ಆಗಿ ಒಪಿಡಿಯಲ್ಲಿ ಕೂತಾಗ, ಟೆಕ್ನಿಷಿಯನ್ ಆಗಿ ಟ್ಯೂಬ್ ಕೈಗೆತ್ತಿಕೊಂಡಾಗ, ಎದುರಿಗಿರುವವರನ್ನು ನೋಡುವ ಕಣ್ಣು ಆ ಅರ್ಧ ಪಾಠದ್ದೇ ಆಗಿರುತ್ತದೆ. ಬಿಟ್ಟುಹೋದ ವರ್ಷಗಳನ್ನು ಪಾಠಕ್ಕೆ ಮರಳಿ ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇವೆ.

ಮೊದಲ ವರದಿಯಿಂದಲೇ ನೋಡೋಣ. 1981ರ ಜೂನ್ 5ರಂದು ಅಟ್ಲಾಂಟಾದಲ್ಲಿರುವ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ತನ್ನ ವಾರದ ವರದಿಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಬಗ್ಗೆ ಪ್ರಕಟಿಸಿತು. ಮೈಕೆಲ್ ಗಾಟ್ಲೀಬ್ ಮತ್ತು ಜೊತೆಗಾರ ವೈದ್ಯರು ಕಳಿಸಿದ ಮಾಹಿತಿ ಅದು. ಐವರಿಗೂ ನ್ಯೂಮೋಸಿಸ್ಟಿಸ್ ನ್ಯುಮೋನಿಯ. ಅಂಗಾಂಗ ಕಸಿ ಆದವರಲ್ಲಿ, ಕ್ಯಾನ್ಸರ್ ಔಷಧ ತೆಗೆದುಕೊಳ್ಳುವವರಲ್ಲಿ ಮಾತ್ರ ಕಾಣುವ ಈ ಸೋಂಕು ಮೊನ್ನೆಯವರೆಗೆ ಗಟ್ಟಿಮುಟ್ಟಾಗಿದ್ದ ಯುವಕರಿಗೆ ಏಕೆ ಬಂತು? ವರದಿ ಹೊತ್ತಿಗೆ ಇಬ್ಬರು ತೀರಿಕೊಂಡಿದ್ದರು. ರಕ್ತಕಣಗಳ ರೋಗನಿರೋಧಕ ಪರೀಕ್ಷೆ ಆಗಿದ್ದು ಮೂವರಿಗಷ್ಟೇ; ಮೂವರಲ್ಲೂ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕಣಗಳ ಪ್ರತಿಕ್ರಿಯೆ ತೀರಾ ಕುಗ್ಗಿತ್ತು. ಐವರೂ ಸಲಿಂಗಿಗಳು ಎಂಬ ಮಾತು ಅಲ್ಲಿದೆ, ನಿಜ. ಅದರ ಜೊತೆಗೇ ಐವರಿಗೂ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ ಎಂಬ ಮಾತೂ ಇದೆ. ಕೊನೆಯ ಟಿಪ್ಪಣಿಯಲ್ಲಿ ಸಂಪಾದಕರು, ಇವರೆಲ್ಲ ಯಾವುದೋ ಒಂದು ಸಮಾನ ಎಕ್ಸ್‌ಪೋಷರ್‌ಗೆ, ಅಂದರೆ ರೋಗ ತರುವಂಥದ್ದರ ಸಂಪರ್ಕಕ್ಕೆ, ಒಳಗಾಗಿ ನಿರೋಧಕ ಶಕ್ತಿ ಕೆಟ್ಟಿರಬಹುದು ಎಂದು ಬರೆದರು. ಎಕ್ಸ್‌ಪೋಷರ್ ಎಂಬ ಪ್ರಶ್ನೆ ಮೊದಲ ದಿನವೇ ಕಾಗದದ ಮೇಲಿತ್ತು. ನಮ್ಮ ಸ್ಲೈಡುಗಳು ಆ ಪ್ರಶ್ನೆಯನ್ನು ಬಿಟ್ಟು ಗುಂಪಿನ ಹೆಸರನ್ನಷ್ಟೇ ಎತ್ತಿಕೊಂಡಿವೆ.

ಅದೇ ವರ್ಷದ ಡಿಸೆಂಬರ್ 10ರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಸಂಚಿಕೆಯಲ್ಲಿ ಗಾಟ್ಲೀಬ್ ಅವರ ಪೂರ್ಣ ಲೇಖನದ ಜೊತೆ ನ್ಯೂಯಾರ್ಕ್‌ನ ಹೆನ್ರಿ ಮಸೂರ್ ಮತ್ತು ಸಂಗಡಿಗರ ಲೇಖನವೂ ಬಂತು. ಹನ್ನೊಂದು ಗಂಡಸರು, ಎಲ್ಲರಿಗೂ ಅದೇ ನ್ಯುಮೋನಿಯ. ಮಾದಕ ದ್ರವ್ಯ ಬಳಸುತ್ತಿದ್ದವರು ಏಳು, ಸಲಿಂಗಿಗಳು ಆರು, ಎರಡೂ ಗುಂಪಿಗೆ ಸೇರಿದವರು ಇಬ್ಬರು. ಲೆಕ್ಕ ಹಾಕಿದರೆ ಐದು ಜನ ಸಲಿಂಗಿಗಳಲ್ಲ. ಅಂದರೆ ಮೊದಲ ವರ್ಷ ಮುಗಿಯುವ ಮುನ್ನವೇ, ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ, ಇದು ಒಂದು ಗುಂಪಿನ ಕಾಯಿಲೆಯಲ್ಲ ಎಂಬ ಸಾಕ್ಷ್ಯ ಅಚ್ಚಾಗಿತ್ತು. ಆದರೂ 1982ರಲ್ಲಿ ಗ್ರಿಡ್, ಅಂದರೆ ಸಲಿಂಗಿಗಳಿಗೆ ಸಂಬಂಧಿಸಿದ ನಿರೋಧಕ ಕೊರತೆ, ಎಂಬ ಹೆಸರು ಓಡಾಡಿತು. ಆ ಜುಲೈನಲ್ಲಿ ರಕ್ತ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾ ಇದ್ದ ಮೂವರು, ಡಿಸೆಂಬರ್‌ನಲ್ಲಿ ರಕ್ತ ಹಾಕಿಸಿಕೊಂಡಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಮಗು, 1983ರ ಜನವರಿಯಲ್ಲಿ ಸೋಂಕಿತ ಗಂಡಸರ ಸಂಗಾತಿಯರಾಗಿದ್ದ ಹೆಂಗಸರು ವರದಿಯಾದರು. ಸಿಡಿಸಿ ಏಡ್ಸ್ ಎಂಬ ಹೆಸರನ್ನು 1982ರ ಸೆಪ್ಟೆಂಬರ್‌ನಲ್ಲೇ ಬಳಸತೊಡಗಿತ್ತು. ಹೆಸರು ಹೋದರೂ ಭಾವನೆ ಹೋಗಲಿಲ್ಲ, ನಮ್ಮ ನೋಟ್ಸ್‌ಗಳಲ್ಲಿ ಈಗಲೂ ಹೋಗಿಲ್ಲ.

ಈಗ ಲ್ಯಾಬಿನ ಮಾತು. ಪಾಠದಲ್ಲಿ ಅತಿ ಹೆಚ್ಚು ಕಳೆದುಹೋಗಿರುವ ಭಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ.

ಟಿ ಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸುವ ಮಾನೋಕ್ಲೋನಲ್ ಆಂಟಿಬಾಡಿಗಳು ಮಾರುಕಟ್ಟೆಗೆ ಬಂದು ಆಗ ಹೆಚ್ಚು ದಿನ ಆಗಿರಲಿಲ್ಲ. ಇಂದು ನಾವು ಸಿಡಿ4 ಎನ್ನುವ ಹೆಲ್ಪರ್ ಕಣ ಆಗ ಓಕೆಟಿ4 ಅಥವಾ ಲ್ಯೂ-3. ಸಿಡಿ8 ಎನ್ನುವ ಸಪ್ರೆಸರ್ ಕಣ ಓಕೆಟಿ8 ಅಥವಾ ಲ್ಯೂ-2. ಹೊಸ ಉಪಕರಣ ಕೈಗೆ ಬಂದಾಗ ಎಲ್ಲರೂ ಆರೋಗ್ಯವಂತ ಸಲಿಂಗಿ ಪುರುಷರ ರಕ್ತವನ್ನೂ ಪರೀಕ್ಷಿಸಿ ನೋಡಿದರು. 1982ರಲ್ಲಿ, 83ರಲ್ಲಿ ಒಂದರ ಹಿಂದೊಂದು ಲೇಖನ ಬಂತು: ಯಾವ ರೋಗಲಕ್ಷಣವೂ ಇಲ್ಲದವರಲ್ಲೂ ಹೆಲ್ಪರ್ ಮತ್ತು ಸಪ್ರೆಸರ್ ಕಣಗಳ ಅನುಪಾತ ತಲೆಕೆಳಗಾಗಿದೆ! ಸಾಮಾನ್ಯವಾಗಿ ಹೆಲ್ಪರ್ ಕಣಗಳು ಸಪ್ರೆಸರ್‌ಗಿಂತ ಒಂದೂವರೆಯಿಂದ ಎರಡು ಪಟ್ಟು ಇರುತ್ತವೆ. ಇವರಲ್ಲಿ ಹಲವರಿಗೆ ಅನುಪಾತ 1ಕ್ಕಿಂತ ಕೆಳಗಿತ್ತು.

ಅನುಪಾತವೊಂದನ್ನೇ ನೋಡಿದರೆ ಎಲ್ಲಿ ಎಡವುತ್ತೇವೆ ಎಂಬುದನ್ನು ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ತೋರಿಸಬಹುದು. ಒಬ್ಬರಿಗೆ ಸಿಡಿ4 800, ಸಿಡಿ8 1,000. ಇನ್ನೊಬ್ಬರಿಗೆ ಸಿಡಿ4 240, ಸಿಡಿ8 300. ಇಬ್ಬರ ಅನುಪಾತವೂ 0.8. ಮೊದಲನೆಯವರಿಗೆ ಸೈಟೋಮೆಗಾಲೊವೈರಸ್ ಬಂದು ಹೋಗಿರಬಹುದು. ಆ ಸೋಂಕಿನಲ್ಲಿ ಸಿಡಿ8 ಏರುತ್ತದೆ, ಸಿಡಿ4 ತನ್ನ ಪಾಡಿಗೆ ಇರುತ್ತದೆ. ಎರಡನೆಯವರ ಸ್ಥಿತಿ ಆತಂಕದ್ದು. ಆಗಿನ ಸಲಿಂಗಿ ಪುರುಷರಲ್ಲಿ ಸೈಟೋಮೆಗಾಲೊವೈರಸ್ ತೀರಾ ಸಾಮಾನ್ಯವಾಗಿತ್ತು. ಹಾಗಾಗಿ ಹೊಸ ವೈರಸ್ ತಗುಲಿ ಸಿಡಿ4 ಕಳೆದುಕೊಳ್ಳುತ್ತಿದ್ದವರೂ, ಹಳೆಯ ವೈರಸ್ಸಿನಿಂದ ಸಿಡಿ8 ಹೆಚ್ಚಿದವರೂ ಒಂದೇ ಅಂಕಣದಲ್ಲಿ ಸೇರಿಹೋದರು. ಬೇರೆಬೇರೆ ಕಾರಣಗಳ ಎರಡು ಬದಲಾವಣೆಗಳಿಗೆ ಒಂದೇ ಅಂಕಿ ಬಿತ್ತು, ಆ ಅಂಕಿಯನ್ನು ಒಂದಿಡೀ ಸಮುದಾಯದ ದೇಹದ ಲಕ್ಷಣ ಎಂದು ಓದಲಾಯಿತು.

ಎಣಿಕೆಯೂ ಈಗಿನಷ್ಟು ನೆಚ್ಚುವಂತಿರಲಿಲ್ಲ. ರಕ್ತವನ್ನು ಸಲೈನಿನಲ್ಲಿ ತೆಳು ಮಾಡಿ, 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ಕಲಕದಂತೆ ನಿಧಾನ ಸುರಿದು, ಸುಮಾರು 400 ಜಿ ಬಲದಲ್ಲಿ ಅರ್ಧ ಗಂಟೆ, ಬ್ರೇಕ್ ಹಾಕದೆ ಸೆಂಟ್ರಿಫ್ಯೂಜ್ ಮಾಡಿದರೆ ನಡುವೆ ಮೋಡದಂಥ ಬಿಳಿ ಪದರ ನಿಲ್ಲುತ್ತದೆ. ಅದನ್ನು ಪಿಪೆಟ್ಟಿನಲ್ಲಿ ಎತ್ತಿ, ತೊಳೆದು, ಆಂಟಿಬಾಡಿ ಹಾಕಬೇಕು. ರಕ್ತ ಹಳತಾಗಿದ್ದರೆ, ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿದ್ದರೆ, ಕೆಳಗಿಳಿಯಬೇಕಾದ ಗ್ರಾನ್ಯುಲೊಸೈಟ್ ಎಂಬ ಬೇರೆ ಬಗೆಯ ಬಿಳಿ ಕಣಗಳು ಈ ಪದರದಲ್ಲೇ ಉಳಿದು ಎಣಿಕೆ ಕೆಡಿಸುತ್ತವೆ. ಕಣ ಎಣಿಸುವ ಯಂತ್ರವಾದ ಫ್ಲೋ ಸೈಟೋಮೀಟರ್ ಇಲ್ಲದ ಕಡೆ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಡಿ ಕಣ್ಣಿನಿಂದಲೇ ಎಣಿಸಬೇಕಿತ್ತು. ಇನ್ನೂರು ಕಣ ಎಣಿಸಿ ಶೇ 40 ಬಂತೆನ್ನಿ. ಬರೀ ಆಕಸ್ಮಿಕ ಏರಿಳಿತದಿಂದಲೇ ನಿಜ ಸಂಖ್ಯೆ ಶೇ 33ರಿಂದ 47ರ ನಡುವೆ ಎಲ್ಲಿಯಾದರೂ ಇರಬಹುದು. ಆ ಶೇಕಡಾವಾರನ್ನು ಒಟ್ಟು ಬಿಳಿ ರಕ್ತಕಣ ಮತ್ತು ಲಿಂಫೊಸೈಟ್ (ಟಿ ಕಣಗಳು ಸೇರುವ ಬಿಳಿ ಕಣದ ಬಗೆ) ಪ್ರಮಾಣದ ಜೊತೆ ಗುಣಿಸಿದಾಗ ಸಿಗುವುದೇ ಸಿಡಿ4 ಸಂಖ್ಯೆ: 5,000 ಬಿಳಿ ಕಣ, ಅದರಲ್ಲಿ ಶೇ 30 ಲಿಂಫೊಸೈಟ್, ಅದರಲ್ಲಿ ಶೇ 40 ಸಿಡಿ4 ಎಂದರೆ 600. ಸ್ಲೈಡ್ ನೋಡಿದವರು ಲಿಂಫೊಸೈಟನ್ನು ಶೇ 25 ಎಂದು ಬರೆದಿದ್ದರೆ ಅದೇ ವ್ಯಕ್ತಿಗೆ 500. ಮೂರು ಅಳತೆಗಳು, ಮೂರರ ತಪ್ಪೂ ಒಂದರೊಳಗೊಂದು ಗುಣಿಸಿಕೊಳ್ಳುತ್ತವೆ. ಇದನ್ನು ಅರಿತೇ ಮುಂದೆ ಅಮೆರಿಕದ ನಾಲ್ಕು ಲ್ಯಾಬುಗಳು ಒಂದೇ ಮಾದರಿಯನ್ನು ಹಂಚಿಕೊಂಡು ಎಣಿಸಿ ಪರಸ್ಪರ ತಾಳೆ ನೋಡುವ ಪದ್ಧತಿ ಕಟ್ಟಿದವು. ಲಾಸ್ ಏಂಜಲೀಸ್‌ನ ಜಾನಿಸ್ ಜಾರ್ಜಿ ಈ ಕೆಲಸದಲ್ಲಿ ಮುಂದಿದ್ದರು. ಲ್ಯಾಬ್ ಟೆಕ್ನಾಲಜಿ ವಿದ್ಯಾರ್ಥಿಗಳಿಗೆ ಕ್ವಾಲಿಟಿ ಕಂಟ್ರೋಲ್ ಎಂಬುದು ಒಣ ಪಾಠವಾಗಿ ಕಾಣುವುದು ಅದು ಎಲ್ಲಿಂದ ಬಂತೆಂದು ನಾವು ಹೇಳದಿರುವುದರಿಂದ.

ಆ ತಲೆಕೆಳಗಾದ ಅನುಪಾತಕ್ಕೆ ವಿವರಣೆ ಹುಡುಕುವಾಗ ಮೂರು ಊಹೆಗಳು ಮುಂದೆ ಬಂದವು. ಒಂದು, ಕ್ಲಬ್ಬುಗಳಲ್ಲಿ ಮೂಸುತ್ತಿದ್ದ ಪಾಪರ್ಸ್, ಅಂದರೆ ಅಮೈಲ್ ನೈಟ್ರೈಟ್, ಟಿ ಕಣಗಳನ್ನು ಕೆಡಿಸುತ್ತದೆ. ಇನ್ನೊಂದು, ಮೇಲಿಂದ ಮೇಲೆ ಬಂದ ಸೋಂಕುಗಳ ಭಾರಕ್ಕೆ ನಿರೋಧಕ ವ್ಯವಸ್ಥೆ ಸೋತಿದೆ. ಮತ್ತೊಂದು, ದೇಹದೊಳಗೆ ಹೋದ ವೀರ್ಯವೇ ನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ನಾಲ್ಕನೆಯದೂ ಇತ್ತು: ಹೊಸದೊಂದು ಸೋಂಕು. ಸಿಡಿಸಿ 1981ರ ಕೊನೆಯಲ್ಲಿ 50 ರೋಗಿಗಳನ್ನು 120 ಆರೋಗ್ಯವಂತ ಸಲಿಂಗಿ ಪುರುಷರ ಜೊತೆ ಹೋಲಿಸಿದಾಗ ಎದ್ದು ಕಂಡದ್ದು ಲೈಂಗಿಕ ಸಂಗಾತಿಗಳ ಸಂಖ್ಯೆ. ಆದರೆ ಹೆಚ್ಚು ಸಂಗಾತಿಗಳಿದ್ದವರೇ ಹೆಚ್ಚು ಪಾಪರ್ಸ್ ಬಳಸುತ್ತಿದ್ದರು, ಅವರಿಗೇ ಹೆಚ್ಚು ಬೇರೆ ಸೋಂಕುಗಳೂ ಇದ್ದವು. ಒಂದನ್ನು ಎಳೆದರೆ ಮೂರೂ ಬರುತ್ತವೆ. ಹೀಗೆ ಒಂದು ಕಾರಣದ ಮರೆಯಲ್ಲಿ ಇನ್ನೊಂದು ಅಡಗುವ ಕನ್‌ಫೌಂಡಿಂಗ್ ಎಂಬುದನ್ನು ಕಲಿಸಲು ಕಾಫಿ ಮತ್ತು ಶ್ವಾಸಕೋಶ ಕ್ಯಾನ್ಸರಿನ ಹಳೆಯ ಉದಾಹರಣೆಗಿಂತ ಇದು ಸಾವಿರ ಪಾಲು ಮೇಲು, ಏಕೆಂದರೆ ಇಲ್ಲಿ ತಪ್ಪು ಉತ್ತರಕ್ಕೆ ಜನ ಬೆಲೆ ತೆತ್ತರು.

ಗಂಟು ಬಿಡಿಸಿದ್ದು ಮುಖ್ಯವಾಗಿ ಎರಡು ಸಂಗತಿಗಳು, ಎರಡೂ ಸಲಿಂಗಿ ಪುರುಷರು ತಾವಾಗಿ ಮುಂದೆ ಬಂದು ಕೊಟ್ಟ ರಕ್ತದಿಂದ ಸಾಧ್ಯವಾದವು. ಮೊದಲನೆಯದು ಹೆಪಟೈಟಿಸ್ ಬಿ ಅಧ್ಯಯನ. 1978ರಿಂದ 80ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಕ್ಲಿನಿಕ್ಕಿನಲ್ಲಿ ಆರೂಮುಕ್ಕಾಲು ಸಾವಿರದಷ್ಟು ಸಲಿಂಗಿ, ದ್ವಿಲಿಂಗಿ ಪುರುಷರು ಅದಕ್ಕಾಗಿ ರಕ್ತ ಕೊಟ್ಟಿದ್ದರು. ನ್ಯೂಯಾರ್ಕಿನಲ್ಲಿ 1,083 ಪುರುಷರ ಮೇಲೆ ಲಸಿಕೆಯ ಪ್ರಯೋಗ ನಡೆದು 1980ರಲ್ಲಿ ಯಶಸ್ವಿಯಾಗಿತ್ತು. ನಿಮ್ಮ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವ ಮುನ್ನ ಮೂರು ಡೋಸ್ ಹಾಕಿಸಿಕೊಳ್ಳುವ ಹೆಪಟೈಟಿಸ್ ಬಿ ಲಸಿಕೆ ಕೆಲಸ ಮಾಡುತ್ತದೆಂದು ಸಾಬೀತು ಮಾಡಿದವರು ಈ ಗಂಡಸರು. ಇದನ್ನು ಎಷ್ಟು ತರಗತಿಗಳಲ್ಲಿ ಹೇಳುತ್ತೇವೆ? ಹೆಪ್ಪುಗಟ್ಟಿಸಿಟ್ಟ ಆ ಸೀರಮ್ಮುಗಳನ್ನು ಮುಂದೆ ಎಚ್‌ಐವಿ ಆಂಟಿಬಾಡಿಗಾಗಿ ಪರೀಕ್ಷಿಸಿದಾಗ, ಸ್ಯಾನ್ ಫ್ರಾನ್ಸಿಸ್ಕೊ ಗುಂಪಿನ ಆಯ್ದ ಮಾದರಿಯಲ್ಲಿ 1978ರಲ್ಲಿ ಶೇ 4.5 ಇದ್ದ ಸೋಂಕು 1984ಕ್ಕೆ ಶೇ 67ರ ಆಸುಪಾಸಿಗೆ ಏರಿತ್ತು. ಮೊದಲ ರೋಗಿ ವರದಿಯಾಗುವ ಮೊದಲೇ ವೈರಸ್ ಊರೊಳಗೆ ಹರಡಿತ್ತು. 2016ರಲ್ಲಿ ಮೈಕೆಲ್ ವೊರೊಬಿ ತಂಡ 1978–79ರ ಅಂಥವೇ ಸೀರಮ್ಮುಗಳಿಂದ ವೈರಸ್ಸಿನ ಪೂರ್ಣ ಜೀನೋಮ್ ಹೊರತೆಗೆದು, ಅದು ನ್ಯೂಯಾರ್ಕಿಗೆ 1970ರ ಸುಮಾರಿಗೇ ಬಂದಿತ್ತೆಂದು ತೋರಿಸಿತು. ‘ಪೇಷಂಟ್ ಜೀರೊ’ ಎಂದು ದಶಕಗಳ ಕಾಲ ಒಬ್ಬ ವಿಮಾನ ಸಿಬ್ಬಂದಿಯ ತಲೆಗೆ ಕಟ್ಟಿದ್ದ ಕಥೆ ಅಲ್ಲಿಗೆ ಮುಗಿಯಿತು. ಆ ಕಥೆಯನ್ನು ಈಗಲೂ ಸ್ವಾರಸ್ಯಕ್ಕೆಂದು ಹೇಳುವ ಅಧ್ಯಾಪಕರಿದ್ದರೆ ದಯವಿಟ್ಟು ಕೈಬಿಡಿ.

ಎರಡನೆಯದು ಮ್ಯಾಕ್ಸ್ ಎಂದು ಕರೆಯುವ ಮಲ್ಟಿಸೆಂಟರ್ ಏಡ್ಸ್ ಕೊಹಾರ್ಟ್ ಸ್ಟಡಿ. ಬಾಲ್ಟಿಮೋರ್, ಷಿಕಾಗೊ, ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್ ಕೇಂದ್ರಗಳಲ್ಲಿ 1984ರ ಏಪ್ರಿಲ್‌ನಿಂದ 1985ರ ಮಾರ್ಚ್‌ವರೆಗೆ 4,954 ಪುರುಷರು ಸೇರಿಕೊಂಡರು. ಆರು ತಿಂಗಳಿಗೊಮ್ಮೆ ಬರಬೇಕು. ಲೈಂಗಿಕ ನಡವಳಿಕೆಯ ಬಗ್ಗೆ ಮುಚ್ಚುಮರೆಯಿಲ್ಲದ ದೀರ್ಘ ಸಂದರ್ಶನ, ದೈಹಿಕ ತಪಾಸಣೆ, ರಕ್ತ. ಟಿ ಕಣ ಎಣಿಸಿ ಉಳಿದದ್ದನ್ನು ಫ್ರೀಜರಿನಲ್ಲಿಡುತ್ತಿದ್ದರು. ಆಂಟಿಬಾಡಿ ಪರೀಕ್ಷೆಗೆ ಪರವಾನಗಿ ಸಿಕ್ಕಿದ್ದು 1985ರ ಮಾರ್ಚ್ 2ರಂದು. ಹೀಗಾಗಿ ಮೊದಲ ಸಂದರ್ಶನದಲ್ಲಿ ಕೇಳುವವರಿಗೂ ಹೇಳುವವರಿಗೂ ಯಾರಿಗೆ ಸೋಂಕಿದೆ ಎಂಬುದು ಗೊತ್ತಿರಲಿಲ್ಲ. ಉತ್ತರಗಳು ಫಲಿತಾಂಶಕ್ಕೆ ತಕ್ಕಂತೆ ವಾಲುವ ಸಂಭವ ಅಲ್ಲಿಗೆ ತಪ್ಪಿತು.

1987ರಲ್ಲಿ ಪಿಟ್ಸ್‌ಬರ್ಗ್‌ನ ಲಾರೆನ್ಸ್ ಕಿಂಗ್ಸ್‌ಲಿ ಮತ್ತು ಸಂಗಡಿಗರು ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಂಕಿಗಳನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಕೈಯಾರೆ ಬರೆಯಬೇಕು ಎಂಬುದು ನಮ್ಮ ಬಲವಾದ ಅಭಿಪ್ರಾಯ. ಸೋಂಕಿಲ್ಲದ 2,507 ಸಲಿಂಗಿ ಪುರುಷರನ್ನು ಆರು ತಿಂಗಳು ಗಮನಿಸಿದಾಗ 95 ಮಂದಿಗೆ, ಶೇ 3.8, ಸೋಂಕು ತಗುಲಿತು. ಗುದ ಸಂಭೋಗದಲ್ಲಿ ಸ್ವೀಕರಿಸುವ ಪಾತ್ರದಲ್ಲಿ ಇಲ್ಲದಿದ್ದ 646 ಮಂದಿಯಲ್ಲಿ ಮೂವರಿಗೆ, ಶೇ 0.5. ಅದಕ್ಕೆ ಮುಂಚಿನ ಆರು ತಿಂಗಳು, ಗಮನಿಸಿದ ಆರು ತಿಂಗಳು, ಈ ಎರಡೂ ಅರ್ಧವರ್ಷಗಳಲ್ಲಿ ಇಬ್ಬರು ಅಥವಾ ಹೆಚ್ಚು ಸಂಗಾತಿಗಳೊಡನೆ ಸ್ವೀಕರಿಸುವ ಪಾತ್ರದಲ್ಲಿದ್ದ 548 ಮಂದಿಯಲ್ಲಿ 58 ಜನಕ್ಕೆ, ಶೇ 10.6. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವ ಪಾತ್ರದಲ್ಲೂ ಗುದ ಸಂಭೋಗ ನಡೆಸದಿದ್ದ 220 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಎಲ್ಲರೂ ಸಲಿಂಗಿ ಪುರುಷರೇ. ಒಂದೇ ಗುಂಪಿನೊಳಗೆ ಅಪಾಯ ಸೊನ್ನೆಯಿಂದ ಶೇ 10.6ರವರೆಗೆ ಹರಡಿದೆ. ಹಾಗಿದ್ದ ಮೇಲೆ ಗುಂಪಿನ ಹೆಸರು ಕೇಳಿ ಒಬ್ಬ ವ್ಯಕ್ತಿಯ ಅಪಾಯವನ್ನು ಹೇಳಲು ಯಾವ ವೈದ್ಯರಿಗೆ ಸಾಧ್ಯ?

ಪಾಪರ್ಸ್ ಊಹೆಯ ಕಥೆಯನ್ನೂ ಕೊನೆಯವರೆಗೆ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೊ ಮೆನ್ಸ್ ಹೆಲ್ತ್ ಸ್ಟಡಿ ಎಂಬ ಇನ್ನೊಂದು ಅಧ್ಯಯನ 1984ರಲ್ಲಿ 25ರಿಂದ 54 ವಯಸ್ಸಿನ 1,034 ಅವಿವಾಹಿತ ಪುರುಷರನ್ನು ಸ್ಯಾಂಪಲ್ ಸರ್ವೆ ಕ್ರಮದಲ್ಲಿ ಆರಿಸಿತ್ತು. ಅದರ ಅಂಕಿಗಳಿಂದ ಮೈಕೆಲ್ ಆಶರ್ ಮತ್ತು ಸಂಗಡಿಗರು 1993ರಲ್ಲಿ ನೇಚರ್‌ನಲ್ಲಿ ತೋರಿಸಿದ್ದು ಇಷ್ಟು: ಸಿಡಿ4 ಕುಸಿದದ್ದು ಎಚ್‌ಐವಿ ಇದ್ದವರಲ್ಲಿ, ಡ್ರಗ್ಸ್ ಬಳಸಲಿ ಬಿಡಲಿ; ಎಚ್‌ಐವಿ ಇಲ್ಲದವರಲ್ಲಿ ಡ್ರಗ್ಸ್ ಬಳಸಿದರೂ ಕುಸಿಯಲಿಲ್ಲ. ಏಡ್ಸ್‌ಗೆ ಡ್ರಗ್ಸ್ ಕಾರಣ, ವೈರಸ್ ಅಲ್ಲ ಎಂದು ವಿಜ್ಞಾನಿ ಪೀಟರ್ ಡ್ಯೂಸ್‌ಬರ್ಗ್ ಎತ್ತಿ ಹಿಡಿದಿದ್ದ ವಾದಕ್ಕೆ ಇದು ಉತ್ತರ. ಆ ವಾದ ಇಷ್ಟಕ್ಕೆ ಸಾಯಲಿಲ್ಲ. 2000ದಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ ನೇಮಿಸಿದ ಸಲಹಾ ಮಂಡಳಿಯಲ್ಲಿ ಡ್ಯೂಸ್‌ಬರ್ಗ್ ಕೂಡ ಕೂತಿದ್ದರು; ಆ ವರ್ಷಗಳಲ್ಲಿ ಔಷಧ ವಿತರಣೆ ತಡವಾದ್ದರಿಂದ 3,30,000ಕ್ಕೂ ಹೆಚ್ಚು ಜನ ಸತ್ತರೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. 1982ರ ಒಂದು ಅನುಪಾತವನ್ನು ತಪ್ಪಾಗಿ ಓದಿದ್ದರ ಎಳೆ ಅಲ್ಲಿಯವರೆಗೂ ಹೋಗಿದೆ.

ಈ ಫ್ರೀಜರುಗಳಿಂದ ಇನ್ನೂ ಏನೇನು ಬಂತು ಎಂಬುದು ನಿಮಗೆ ಗೊತ್ತಿರುವುದೇ, ಮೂಲ ಮಾತ್ರ ಪಾಠದಲ್ಲಿ ಬರುವುದಿಲ್ಲ. ಸಿಡಿ4 200ಕ್ಕಿಂತ ಕೆಳಗಿಳಿದರೆ ನ್ಯೂಮೋಸಿಸ್ಟಿಸ್ ಅಪಾಯ ಏರುತ್ತದೆ ಎಂಬ ಗೆರೆಗೆ ಆಧಾರ, 1990ರಲ್ಲಿ ಜಾನ್ ಫೇರ್ ತಂಡ ಪ್ರಕಟಿಸಿದ ಮ್ಯಾಕ್ಸ್ ಅಂಕಿಗಳು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ನೋಡಿ ಕಾಯಿಲೆಯ ಓಟ ಹೇಳಬಹುದೆಂದು ಜಾನ್ ಮೆಲ್ಲರ್ಸ್ 1996ರಲ್ಲಿ ತೋರಿಸಿದ್ದು ಮ್ಯಾಕ್ಸ್‌ನ 180 ಪುರುಷರ ಹತ್ತು ವರ್ಷ ಹಳೆಯ ಪ್ಲಾಸ್ಮಾದಿಂದ. ಪದೇಪದೇ ವೈರಸ್ಸಿಗೆ ಎಕ್ಸ್‌ಪೋಸ್ ಆಗಿಯೂ ಸೋಂಕು ತಗುಲದೆ ಉಳಿದ ಕೆಲವು ಸಲಿಂಗಿ ಪುರುಷರ ಕಣಗಳನ್ನು ಪರೀಕ್ಷಿಸಿದಾಗ, ವೈರಸ್ ಕಣದೊಳಗೆ ನುಗ್ಗಲು ಬಳಸುವ ಬಾಗಿಲಿನಂಥ ಸಿಸಿಆರ್5ರ ಜೀನಿನಲ್ಲಿ 32 ಬೇಸ್ ಜೋಡಿಗಳು ಇಲ್ಲದಿರುವುದು 1996ರಲ್ಲಿ ಪತ್ತೆಯಾಯಿತು; ಅದೇ ದಾರಿಯಲ್ಲಿ 2007ರಲ್ಲಿ ಮರಾವಿರಾಕ್ ಔಷಧ ಬಂತು. ಎಚ್‌ಐವಿ ಔಷಧ ಕೊಡುವ ನಮ್ಮ ಯಾವುದೇ ಎಆರ್‌ಟಿ ಕೇಂದ್ರದ ಹಸಿರು ಪುಸ್ತಕ ತೆರೆದರೂ ಸಿಡಿ4, ವೈರಲ್ ಲೋಡ್ ಎಂಬ ಅಂಕಣಗಳು ಇರುತ್ತವೆ. ಆ ಅಂಕಣಗಳಿಗೆ ಅರ್ಥ ಬಂದದ್ದು ಈ ಗಂಡಸರು ವರ್ಷಾನುಗಟ್ಟಲೆ ಆರು ತಿಂಗಳಿಗೊಮ್ಮೆ ತೋಳು ಚಾಚಿದ್ದರಿಂದ. ಅವರಲ್ಲಿ ಬಹಳ ಮಂದಿ ಚಿಕಿತ್ಸೆ ಬರುವ ಮೊದಲೇ ತೀರಿಕೊಂಡರು.

ಈ ಅಧ್ಯಯನಗಳ ಕೊರತೆಯನ್ನೂ ಮುಚ್ಚಿಡಬಾರದು. ಮೊದಲು ಸೇರಿದವರಲ್ಲಿ ಬಹುಪಾಲು ಬಿಳಿಯರು, ಓದಿದವರು. ಕಪ್ಪು ಮತ್ತು ಲ್ಯಾಟಿನೊ ಪುರುಷರನ್ನು ಹೆಚ್ಚಾಗಿ ಸೇರಿಸಿಕೊಂಡದ್ದು 2001ರ ಹೊತ್ತಿಗೆ. ಹೆಂಗಸರಿಗಾಗಿ ದೊಡ್ಡ ಪ್ರತ್ಯೇಕ ಅಧ್ಯಯನ ಶುರುವಾಗಲು 1990ರ ದಶಕವೇ ಬರಬೇಕಾಯಿತು. ಗರ್ಭಕೊರಳಿನ ಕ್ಯಾನ್ಸರ್ ಏಡ್ಸ್‌ನ ವ್ಯಾಖ್ಯೆಗೆ ಸೇರಿದ್ದು 1993ರಲ್ಲಿ. ಕಾಯಿಲೆಗೆ ಗುಂಪಿನ ಹೆಸರಿಟ್ಟರೆ ಗುಂಪಿನಲ್ಲಿರುವವರಿಗೆ ಕಳಂಕ, ಹೊರಗಿರುವವರಿಗೆ ತಡವಾದ ಚಿಕಿತ್ಸೆ.

ಆ ಪುರುಷರು ಎಂಥ ಸ್ಥಿತಿಯಲ್ಲಿ ಆ ಸಂದರ್ಶನಗಳಿಗೆ ಕೂತರು ಎಂಬುದನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ಸಿಡಿಸಿ ಇರುವ ಜಾರ್ಜಿಯಾ ರಾಜ್ಯದಲ್ಲೇ ಸಲಿಂಗ ಸಂಭೋಗ ಅಪರಾಧವಾಗಿತ್ತು. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿ ಹಿಡಿಯಿತು. ತಾವು ಹೇಳುವ ಮಾತು ಪೊಲೀಸರಿಗೋ ಮಾಲೀಕರಿಗೋ ತಲುಪಿದರೆ ಬದುಕು ಹೋಯಿತು ಎಂದು ಗೊತ್ತಿದ್ದೂ ಹೇಳಿದರು, ಕೇಳಿದವರು ಗುಟ್ಟು ಕಾಯುತ್ತಾರೆಂಬ ನಂಬಿಕೆಯಿಂದ. ಷಿಕಾಗೊದಲ್ಲಿ ಸಮುದಾಯದವರೇ ಕಟ್ಟಿದ ಹೊವರ್ಡ್ ಬ್ರೌನ್ ಕ್ಲಿನಿಕ್ ಅಧ್ಯಯನದ ಪಾಲುದಾರ ಆಗಿತ್ತು. ಇದರ ಪಕ್ಕದಲ್ಲಿ ನಮ್ಮ ದೇಶದ 1986 ಇಟ್ಟು ನೋಡಿ. ಚೆನ್ನೈನಲ್ಲಿ ಸುನೀತಿ ಸಾಲೊಮನ್ ಮತ್ತು ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಪತ್ತೆ ಮಾಡಿದಾಗ ಆ ರಕ್ತ ಬಂದದ್ದು ಸರ್ಕಾರಿ ಗೃಹವೊಂದರಲ್ಲಿ ಬಂಧನದಲ್ಲಿದ್ದ ಲೈಂಗಿಕ ವೃತ್ತಿಯ ಹೆಂಗಸರಿಂದ. ಪತ್ತೆ ಮಹತ್ವದ್ದು, ಆ ಇಬ್ಬರ ಧೈರ್ಯವೂ ದೊಡ್ಡದು. ಆದರೆ ರಕ್ತ ಕೊಟ್ಟ ಹೆಂಗಸರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಎಷ್ಟಿತ್ತು ಎಂಬ ಪ್ರಶ್ನೆಯನ್ನು, ವೈದ್ಯರ ನಡವಳಿಕೆ, ನೀತಿ ಮತ್ತು ಸಂವಹನ ಕಲಿಸುವ ಎಟಿಕಾಮ್ ತರಗತಿಯಲ್ಲಿ ಎತ್ತಲೇಬೇಕು.

ಇದು ಹಳೆಯ ಇತಿಹಾಸ, ಈಗೇಕೆ ಎನ್ನುವವರಿಗೆ ಹತ್ತಿರದ ಎರಡು ಸಂಗತಿ ನೆನಪಿಸುತ್ತೇವೆ. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದ ಮೇಲೂ, 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪಠ್ಯಕ್ರಮದ ವಿಧಿವಿಜ್ಞಾನ ಭಾಗದಲ್ಲಿ ಸಲಿಂಗ ಸಂಭೋಗ ಮತ್ತೆ ಲೈಂಗಿಕ ಅಪರಾಧಗಳ ಪಟ್ಟಿಗೆ ಸೇರಿತ್ತು. ಆಕ್ಷೇಪ ಬಂದ ಮೇಲೆ ಹಿಂತೆಗೆದುಕೊಂಡರು. ಇನ್ನು 2017ರ ರಕ್ತದಾನಿಗಳ ಆಯ್ಕೆಯ ರಾಷ್ಟ್ರೀಯ ಮಾರ್ಗಸೂಚಿ ಗಂಡಸರೊಡನೆ ಸಂಬಂಧವಿರುವ ಗಂಡಸರನ್ನೂ ತೃತೀಯ ಲಿಂಗಿಗಳನ್ನೂ ಗುಂಪಿನ ಹೆಸರಿನಿಂದಲೇ ಹೊರಗಿಟ್ಟಿತು, ಅದನ್ನು 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಈ ಗುಂಪುಗಳಲ್ಲಿ ಸರಾಸರಿ ಸೋಂಕು ಹೆಚ್ಚಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ, ಸುರಕ್ಷಿತ ರಕ್ತ ಪಡೆಯುವುದು ರೋಗಿಯ ಹಕ್ಕು. ಆದರೆ ಬ್ರಿಟನ್ 2021ರಲ್ಲಿ, ಅಮೆರಿಕ 2023ರಲ್ಲಿ ಪ್ರತಿಯೊಬ್ಬ ದಾನಿಗೂ, ಗಂಡಾಗಲಿ ಹೆಣ್ಣಾಗಲಿ, ಕಳೆದ ಮೂರು ತಿಂಗಳ ನಡವಳಿಕೆಯ ಬಗ್ಗೆ ಒಂದೇ ಪ್ರಶ್ನೆಗಳನ್ನು ಕೇಳುವ ಪದ್ಧತಿಗೆ ಬಂದವು. ಹೊಸ ಸಂಗಾತಿಯೊಡನೆ ಅಥವಾ ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದು ಗುದ ಸಂಭೋಗ ನಡೆಸಿದ ಮದುವೆಯಾದ ಗಂಡಸನ್ನೂ, ಸಂಗಾತಿ ಹೆಣ್ಣೇ ಆಗಿದ್ದರೂ, ಹಿಡಿಯುವ ಜರಡಿ ಇದು. ಗುಂಪಿನ ಹೆಸರು ಕೇಳುವ ಜರಡಿಯಲ್ಲಿ ಅವನು ಸಲೀಸಾಗಿ ಹಾದುಹೋಗುತ್ತಾನೆ.

ಒಪಿಡಿಯಲ್ಲಿ ಇದರ ಪರಿಣಾಮ ಇನ್ನೂ ನೇರ. ಸೋಂಕು ತಗುಲದಂತೆ ತಡೆಯಲು ಕೊಡುವ ಪಿಇಪಿ ಮಾತ್ರೆಗಳನ್ನು ಎಕ್ಸ್‌ಪೋಷರ್ ಆದ 72 ಗಂಟೆಯೊಳಗೆ, ಆದಷ್ಟೂ ಬೇಗ, ಶುರು ಮಾಡಬೇಕು. 28 ದಿನ ತಪ್ಪದೆ ನುಂಗಬೇಕು. ಗಾಬರಿಯಿಂದ ಬಂದ ಯುವಕನಿಗೆ ಮೊದಲ ಪ್ರಶ್ನೆಯೇ ‘ನೀನು ಹೋಮೊನಾ?’ ಎಂದಾದರೆ ಅವನು ಇಲ್ಲ ಎಂದು ಎದ್ದು ಹೋಗುತ್ತಾನೆ, ಗಂಟೆಗಳು ಕಳೆಯುತ್ತವೆ. ಕೇಳಬೇಕಾದದ್ದು: ‘ಯಾವಾಗ ಆಯಿತು? ಕಾಂಡೋಮ್ ಇತ್ತಾ, ಹರಿಯಿತಾ? ಯಾವ ಬಗೆಯ ಸಂಪರ್ಕ, ನೀವು ಯಾವ ಪಾತ್ರದಲ್ಲಿದ್ದಿರಿ? ಅವರಿಗೆ ಎಚ್‌ಐವಿ ಇರುವುದು ಗೊತ್ತಿದೆಯಾ, ಮಾತ್ರೆ ತಗೊಳ್ತಾ ಇದ್ದಾರಾ?’ ಈ ನಾಲ್ಕು ಪ್ರಶ್ನೆಗಳೂ ಕಿಂಗ್ಸ್‌ಲಿ ಅಧ್ಯಯನದಂಥ ಕೆಲಸದಿಂದಲೇ ಹುಟ್ಟಿದವು. ‘ನೀವು’ ಎಂದು ಕರೆಯುವುದು, ಬಾಗಿಲು ಮುಚ್ಚುವುದು, ಜೊತೆಗೆ ಬಂದವರನ್ನು ಹೊರಗೆ ಕೂರಿಸುವುದು ಇವೂ ಚಿಕಿತ್ಸೆಯ ಭಾಗ ಎಂದು ಕಲಿಸಿ.

ಆದ್ದರಿಂದ ನಮ್ಮ ಕೋರಿಕೆ. ಎಚ್‌ಐವಿ ಪಾಠದಲ್ಲಿ 1981–87ಕ್ಕೆ ಕನಿಷ್ಠ ಒಂದು ಪೂರ್ಣ ಗಂಟೆ ಕೊಡಿ. ಮಸೂರ್ ಅವರ ಹನ್ನೊಂದು ರೋಗಿಗಳನ್ನೂ ಕಿಂಗ್ಸ್‌ಲಿ ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆದು ಅಪಾಯದ ಪ್ರಮಾಣವನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿ. ಪ್ರಾಕ್ಟಿಕಲ್‌ನಲ್ಲಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು ತುಂಬಿದೊಡನೆ ಎಂಟು ಹತ್ತು ಬಾರಿ ಮೆಲ್ಲಗೆ ಮಗುಚಬೇಕು, ಸಿಡಿ4 ಮಾದರಿಯನ್ನು ಫ್ರಿಜ್ಜಿಗಿಡದೆ ಕೋಣೆಯ ಉಷ್ಣತೆಯಲ್ಲೇ ಸಾಗಿಸಬೇಕು, ಸಾಮಾನ್ಯವಾಗಿ 48 ಗಂಟೆಯೊಳಗೆ ಎಣಿಸಬೇಕು ಎಂಬುದನ್ನು ಕಾರಣ ಸಮೇತ ಹೇಳಿ, 0.8 ಅನುಪಾತದ ಇಬ್ಬರ ಲೆಕ್ಕವನ್ನೂ ಅಲ್ಲೇ ಮಾಡಿಸಿ. ಕೇಸ್ ಶೀಟಿನ ಮುಖಪುಟದಲ್ಲಿ ರೋಗಿಯ ಲೈಂಗಿಕತೆಯನ್ನಾಗಲಿ ಎಚ್‌ಐವಿ ಸ್ಥಿತಿಯನ್ನಾಗಲಿ ಬರೆಯುವ ಅಭ್ಯಾಸ ನಿಮ್ಮ ಬೋಧನಾ ಆಸ್ಪತ್ರೆಯಲ್ಲಿದ್ದರೆ ನಿಲ್ಲಿಸಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ಲೈಂಗಿಕ ಇತಿಹಾಸ ಕೇಳುವ ಅಭ್ಯಾಸಕ್ಕೆ ಸಮುದಾಯದ ಆಪ್ತಸಮಾಲೋಚಕರನ್ನು ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ.

ಕೊನೆಯದಾಗಿ ಪ್ರಶ್ನೆಪತ್ರಿಕೆ ಸಮಿತಿಗಳಿಗೆ. ‘ಎಚ್‌ಐವಿಯ ಹೆಚ್ಚು ಅಪಾಯದ ಗುಂಪುಗಳನ್ನು ಪಟ್ಟಿ ಮಾಡಿ’ ಎಂಬ ಎರಡು ಅಂಕದ ಪ್ರಶ್ನೆಯನ್ನು ಕೈಬಿಡಿ. ಅದರ ಬದಲು ಮೇಲಿನ ಕಿಂಗ್ಸ್‌ಲಿ ಅಂಕಿಗಳನ್ನು ಕೋಷ್ಟಕವಾಗಿ ಕೊಟ್ಟು, ಯಾವ ಎಕ್ಸ್‌ಪೋಷರ್‌ನಲ್ಲಿ ಅಪಾಯ ಎಷ್ಟು ಪಟ್ಟು ಹೆಚ್ಚು, ಈ ಅಧ್ಯಯನದಲ್ಲಿ ಯಾರ್ಯಾರು ಸೇರಿಲ್ಲ ಎಂದು ಕೇಳಿ, ಐದು ಅಂಕ ಇಡಿ. ಪರೀಕ್ಷೆಯಲ್ಲಿ ಬರುತ್ತದೆಂದು ಗೊತ್ತಾದರೆ ತರಗತಿಯಲ್ಲೂ ಕಲಿಸುತ್ತಾರೆ. ಮುಂದಿನ ಶೈಕ್ಷಣಿಕ ವರ್ಷದ ಪಾಠಯೋಜನೆ ಅಂತಿಮವಾಗುವ ಮುನ್ನ ಈ ಬಗ್ಗೆ ನಿಮ್ಮ ವಿಭಾಗಗಳಲ್ಲಿ ಚರ್ಚಿಸಿ, ತೀರ್ಮಾನವನ್ನು ಬಹಿರಂಗವಾಗಿಯೇ ತಿಳಿಸಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಎಚ್‌ಐವಿ ಪ್ರಯೋಗಾಲಯ ಮತ್ತು ಆಪ್ತಸಮಾಲೋಚನೆ ಕ್ಷೇತ್ರದಲ್ಲಿ ದುಡಿಯುತ್ತಿರುವವರು